ಬಲಕ್ಕೇ ಓಡುವ ಬೆಂಕಿ

ಅಗ್ನಿಶಾಮಕ ಠಾಣೆಯಲ್ಲಿ ಫೋನ್ ಎತ್ತುವುದು ಅವಳ ಕೆಲಸ. "ಹಲೋ, ಹೇಳೀಪ್ಪಾ, ಎಲ್ಲಿ ಬೆಂಕಿ?" ಎಂದು ವರ್ಷಾನುಗಟ್ಟಲೆ ಕೇಳಿ ಕೇಳಿ, ಅವಳ ನಿಜವಾದ ಹೆಸರು ಸಂಬಳದ ಚೀಟಿಯಲ್ಲಷ್ಟೇ ಉಳಿದಿತ್ತು. ಠಾಣೆಗೆಲ್ಲ ಅವಳು ಹಲೋಮ್ಮ. ಐವತ್ತು ದಾಟಿದ ಮೇಲೆ, ವಾರದ ರಜೆಯ ದಿನ ಗ್ರಂಥಾಲಯದ ಕಂಪ್ಯೂಟರ್ ತರಗತಿಗೆ ಸೇರಿದ ಹಲೋಮ್ಮನನ್ನು ನೋಡಿ ಗಾಡಿಯ ಡ್ರೈವರು, "ಇನ್ನು ಮೇಲೆ ಬೆಂಕಿಯೋರು ಇ-ಮೇಲ್ ಕಳಿಸ್ಬೇಕೇನೋ" ಎಂದು ನಕ್ಕಿದ್ದ. ನಗಲಿ ಬಿಡಿ. ಅವಳು ಸೇರಿದ್ದು ಹೊತ್ತು ಕಳೆಯುವುದಕ್ಕಲ್ಲ, ಒಂದು ಓಣಿಯನ್ನು ಉಳಿಸುವುದಕ್ಕೆ.

ಆ ಓಣಿ ಇರುವುದು ದೊಡ್ಡ ಮಾರುಕಟ್ಟೆಯ ನಟ್ಟನಡುವೆ. ಎರಡೂ ಕಡೆ ಒತ್ತಾಗಿ ಬಟ್ಟೆ, ಕಾಗದ, ಪ್ಲಾಸ್ಟಿಕ್ಕು, ಹಾಸಿಗೆಗಳ ಮಳಿಗೆಗಳು. ನಡುವೆ ಗೇಟಿನಿಂದ ಹಿಂದಿನ ಗೋಡೆಯವರೆಗೆ ಬೋಳು ನೆಲ. ಹಿಂದೆ ಅಲ್ಲೂ ಮಳಿಗೆಗಳಿದ್ದವು. ಒಂದು ಮಧ್ಯಾಹ್ನ ಒಳಗೆ ಬೆಂಕಿ ಬಿತ್ತು. ಹಲೋಮ್ಮ ಫೋನ್ ಎತ್ತಿದಳು. ಹಾಸಿಗೆ ಹೊಲಿಯುವವನೊಬ್ಬ ಕೆಮ್ಮುತ್ತ ಮಾತಾಡುತ್ತಿದ್ದ. "ಗಾಡಿ ಹೊರಟಿದೆಯಪ್ಪಾ, ಬಂದೇ ಬಿಡ್ತು" ಎಂದು ಅವಳು ಧೈರ್ಯ ಹೇಳುತ್ತಲೇ ಇದ್ದಳು. ಅವನು ಹೇಳುತ್ತಿದ್ದದ್ದು ಒಂದೇ ಮಾತು: "ಗಾಡಿ ಕಾಣ್ತಿಲ್ಲಮ್ಮಾ. ಎಲ್ಲೂ ಕಾಣ್ತಿಲ್ಲ." ಆಮೇಲೆ ಲೈನ್ ಸತ್ತಿತು. ಅವನು ಹೇಗೋ ಬದುಕಿಕೊಂಡ, ಅವನ ಅಣ್ಣ ಹೊರಗೆ ಬರಲಿಲ್ಲ. ನಡುವಿನ ಮಳಿಗೆಗಳನ್ನು ತೆಗೆಸಿ ಓಣಿ ಬಿಡಿಸಿದ್ದು ಅದಾದ ಮೇಲೆಯೇ. ಆ ಮನುಷ್ಯನ ಮುಖವನ್ನು ಹಲೋಮ್ಮ ಯಾವತ್ತೂ ನೋಡಿರಲಿಲ್ಲ. ಆದರೆ ಆ ದನಿ ಮಾತ್ರ, ಒಗೆದರೂ ಹೋಗದ ಕಲೆಯ ಹಾಗೆ, ಕಿವಿಯೊಳಗೆ ಕೂತುಬಿಟ್ಟಿತ್ತು.

ಈಗ ವ್ಯಾಪಾರಿಗಳ ಸಂಘಕ್ಕೆ ಆ ಓಣಿಯಲ್ಲಿ ಮತ್ತೆ ಮಳಿಗೆ ಹಾಕುವ ಆಸೆ ಹುಟ್ಟಿತ್ತು. ಸಂಘದ ಕಾರ್ಯದರ್ಶಿ ಬಟ್ಟೆ ವ್ಯಾಪಾರಿ. ಮಾತಿನಲ್ಲಿ ಅವನನ್ನು ಹಿಡಿಯುವವರಿಲ್ಲ. "ರಸ್ತೆ ಬದಿ ಬಿಸಿಲಲ್ಲಿ ಕೂತು ಮಾರೋರು ಎಷ್ಟು ಜನ ಇದಾರೆ? ಅವರಿಗೊಂದು ಸೂರು ಸಿಗುತ್ತಲ್ಲ! ಖಾಲಿ ನೆಲ ಇಟ್ಕೊಂಡು ಪೂಜೆ ಮಾಡ್ಬೇಕಾ?" ಎನ್ನುತ್ತಿದ್ದ. ಅದೂ ಸುಳ್ಳಲ್ಲ, ಅಲ್ಲವೇ? ಅದಕ್ಕೇ ಅವನಿಗೆ ಉತ್ತರ ಕೊಡುವುದು ಕಷ್ಟವಾಗಿತ್ತು. ಹಲೋಮ್ಮ ಠಾಣಾಧಿಕಾರಿಯ ಮುಂದೆ ಹೋಗಿ ಗೋಳಾಡಿದಾಗ ಅವರು ಮೆಲ್ಲಗೆ ಹೇಳಿದರು, "ನಿಮ್ಮ ಸಂಕಟ ನನಗೆ ಅರ್ಥ ಆಗುತ್ತೆ. ಆದ್ರೆ ಸಂಕಟ ನೋಡಿ ಸಂಘದ ಸಭೆ ಒಪ್ಪಲ್ಲ. ಕಣ್ಣಿಗೆ ಕಾಣೋ ಹಾಗೆ ಏನಾದ್ರೂ ತೋರಿಸ್ಬೇಕು."

ತೋರಿಸುತ್ತೇನೆ ಎಂದು ಹಲೋಮ್ಮ ಹಠ ಹಿಡಿದಳು. ಒಮ್ಮೆ ಹಿಡಿದರೆ ಜಪ್ಪಯ್ಯ ಅಂದರೂ ಬಿಡುವ ಹೆಂಗಸಲ್ಲ ಅವಳು.

ತರಗತಿಯಲ್ಲಿ ಮೇಷ್ಟ್ರು ಹೇಳಿಕೊಟ್ಟಿದ್ದರು: ಪ್ರೋಗ್ರಾಮಿನಲ್ಲಿ ಪ್ರತಿಯೊಂದು ವಸ್ತುವನ್ನೂ ಒಬ್ಬ ಮನುಷ್ಯನ ಹಾಗೆ ನೋಡಿ, ಅದಕ್ಕೊಂದು ಸ್ಥಿತಿ ಇರಲಿ, ಒಂದು ಕೆಲಸ ಇರಲಿ. ಹಲೋಮ್ಮ ಮಾರುಕಟ್ಟೆಯನ್ನು ಚೌಕಗಳಾಗಿ ಬರೆದಳು. ಒಂದೊಂದು ಚೌಕವೂ ಒಂದೊಂದು ಮಳಿಗೆ. ಒಂದೊಂದು ಸುತ್ತಿನಲ್ಲೂ ಪ್ರತಿ ಮಳಿಗೆ ಅಕ್ಕಪಕ್ಕ, ಹಿಂದೆಮುಂದೆ ನೋಡುತ್ತದೆ. ಯಾವುದಾದರೂ ನೆರೆ ಉರಿಯುತ್ತಿದ್ದರೆ ತಾನೂ ಹೊತ್ತಿಕೊಳ್ಳುತ್ತದೆ, ಉರಿದು ಮುಗಿದರೆ ಬೂದಿಯಾಗುತ್ತದೆ. ಇಷ್ಟೇ ನಿಯಮ. ಮುಂದಿನದನ್ನೆಲ್ಲ ಚೌಕಗಳೇ ನೋಡಿಕೊಳ್ಳುತ್ತವೆ. ಇಷ್ಟನ್ನು ಒಂದು ಬೆರಳಿನಲ್ಲಿ ಕುಟ್ಟಿ ಕುಟ್ಟಿ ಬರೆದು ಮುಗಿಸುವಷ್ಟರಲ್ಲಿ ಒಂದು ಋತುವೇ ಕಳೆದಿತ್ತು.

ಏನೋ ಕಾಗದ ಪತ್ರಕ್ಕೆಂದು ಠಾಣೆಗೆ ಬಂದಿದ್ದ ಕಾರ್ಯದರ್ಶಿಗೇ ಮೊದಲ ಪ್ರದರ್ಶನ. ಓಣಿಯಲ್ಲೂ ಮಳಿಗೆ ತುಂಬಿ, ಕೊನೆಯ ಸಾಲಿನ ಎಡತುದಿಯ ಮಳಿಗೆಗೆ ಬೆಂಕಿ ಇಟ್ಟು ಗುಂಡಿ ಒತ್ತಿದಳು. ಒಂದೇ ಸುತ್ತು! ಆ ಸಾಲಿನ ಬಲತುದಿಯವರೆಗೆ ಎಲ್ಲ ಕೆಂಪು. ಇನ್ನೊಂದಷ್ಟು ಸುತ್ತಿಗೆ ಮಾರುಕಟ್ಟೆಯೇ ಬೂದಿ. ಕಾರ್ಯದರ್ಶಿಯ ಬಾಯಿಗೆ ಬೀಗ ಬಿದ್ದಿದ್ದನ್ನು ಠಾಣೆ ಅವತ್ತೇ ಮೊದಲು ನೋಡಿದ್ದು. "ಶುಕ್ರವಾರ ಸಭೆಗೆ ಬನ್ನಿ, ಅಲ್ಲೇ ತೋರಿಸಿ" ಎಂದಷ್ಟೇ ಹೇಳಿ ಹೊರಟ. ಅವತ್ತು ಹಲೋಮ್ಮನ ಕಾಲು ನೆಲದ ಮೇಲೆ ನಿಲ್ಲಲಿಲ್ಲ.

ಭಾನುವಾರ ಬೆಳಿಗ್ಗೆ ಅಡುಗೆಮನೆಯ ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಟು ಸೊಸೆಗೆ ತೋರಿಸಿದಳು. ಸೊಸೆ ಲಿಫ್ಟುಗಳಿಗೆ ಪ್ರೋಗ್ರಾಮ್ ಬರೆಯುವ ಕಂಪನಿಯಲ್ಲಿದ್ದವಳು. ಬಾಗಿಲು ಮುಚ್ಚದೆ ಲಿಫ್ಟು ಮೇಲೆ ಹೋಗಬಾರದು ಎಂಬುದರ ಮೇಲೆಯೇ ಅವಳ ಅನ್ನ. ಹಾಗಾಗಿ ಯಾವುದನ್ನೂ ಒಂದೇ ಸಲಕ್ಕೆ ನಂಬುವ ಅಭ್ಯಾಸವಿರಲಿಲ್ಲ. ಹೊಗಳಿಕೆ ಬರುತ್ತದೆಂದು ಅತ್ತೆ ಸೆರಗು ಸರಿಮಾಡಿಕೊಂಡು ಕೂತಿದ್ದರೆ, ಸೊಸೆ ಕೆನ್ನೆಗೆ ಕೈಯಿಟ್ಟು ಕೇಳಿದಳು, "ಅತ್ತೆ, ಬೆಂಕಿ ಯಾಕೆ ಬಲಗಡೆಗೇ ಓಡ್ತಿದೆ?"

"ಗಾಳಿ ಇರುತ್ತಲ್ಲೇ."

"ಗಾಳಿನ ಎಲ್ಲಿ ಬರ್ದಿದೀರಾ?"

ಹಲೋಮ್ಮ ಪರದೆಯನ್ನು ಮೇಲೆ ಕೆಳಗೆ ಸರಿಸಿದಳು. ಗಾಳಿಯನ್ನು ಎಲ್ಲೂ ಬರೆದಿರಲಿಲ್ಲ.

"ಬಲತುದಿಗೆ ಬೆಂಕಿ ಇಡಿ ನೋಡೋಣ" ಎಂದಳು ಸೊಸೆ.

ಇಟ್ಟರೆ, ಅದೇ ಬೆಂಕಿ ಎಡಕ್ಕೆ ಬಸವನಹುಳುವಿನ ಹಾಗೆ ತೆವಳಿತು. ಒಂದು ಸುತ್ತಿಗೆ ಒಂದೇ ಮಳಿಗೆ.

ಸೊಸೆ ಕಪಾಟಿನಿಂದ ಲೋಟಗಳನ್ನು ತೆಗೆದು ಮೇಜಿನ ಮೇಲೆ ಸಾಲಾಗಿ ಇಟ್ಟಳು. ಪಕ್ಕದಲ್ಲಿ ಟೀ ಕುಡಿಯುತ್ತಿದ್ದ ಹಲೋಮ್ಮನ ಮಗನ ಲೋಟಕ್ಕೂ ಕೈ ಹಾಕಿದಳು. ಅವನು ಸಿಟಿ ಬಸ್ಸಿನ ಡ್ರೈವರು, ರಜೆಯ ದಿನದ ಟೀ ಅಂದರೆ ಅವನಿಗೆ ಪ್ರಾಣ. "ಇದನ್ನ ಮುಟ್ಟಿದ್ರೆ ಈ ಮನೇಲಿ ನಿಜವಾದ ಬೆಂಕಿ ಬೀಳುತ್ತೆ" ಎಂದು ಲೋಟವನ್ನು ಎದೆಗೊತ್ತಿಕೊಂಡ.

"ಬೋರಲು ಹಾಕಿದ ಲೋಟ ಅಂದ್ರೆ ಬೆಂಕಿ" ಎಂದು ಸೊಸೆ ಎಡಗಡೆಯ ಮೊದಲ ಲೋಟವನ್ನು ಬೋರಲು ಹಾಕಿದಳು. "ಪಕ್ಕದ್ದು ಬೋರಲಾಗಿದ್ರೆ ನೀನೂ ಬೋರಲಾಗು. ಒಂದು ಸುತ್ತು ಮಾಡಿ ಅತ್ತೆ, ಎಡದಿಂದ."

ಹಲೋಮ್ಮ ಮಾಡಿದಳು. ಎರಡನೆಯ ಲೋಟ ನೋಡಿದಳು, ಪಕ್ಕದ್ದು ಬೋರಲು, ಇದನ್ನೂ ತಿರುಗಿಸಿದಳು. ಮೂರನೆಯದನ್ನು ನೋಡುವ ಹೊತ್ತಿಗೆ ಎರಡನೆಯದು ಆಗಲೇ ಬೋರಲು, ಇದೂ ಸೈ. ಹೀಗೆ ಒಂದೇ ಸುತ್ತಿಗೆ ಸಾಲೆಲ್ಲ ತಲೆಕೆಳಗಾಯಿತು.

"ಈಗ ಮತ್ತೆ ನೆಟ್ಟಗಿಟ್ಟು, ಅದೇ ಮೊದಲನೇದಕ್ಕೇ ಬೆಂಕಿ ಇಟ್ಟು, ನೋಡ್ತಾ ಬರೋದು ಮಾತ್ರ ಬಲದಿಂದ."

ಬಲದಿಂದ ಬಂದರೆ ಎಲ್ಲರ ಪಕ್ಕದವರೂ ನೆಟ್ಟಗೇ ಇದ್ದಾರೆ. ಕೊನೆಗೆ ಎರಡನೆಯ ಲೋಟವೊಂದೇ ತಿರುಗಿತು.

"ಅದೇ ಲೋಟ, ಅದೇ ನಿಯಮ" ಎಂದಳು ಸೊಸೆ. "ನಾವು ಎಣಿಸೋ ದಿಕ್ಕು ಬದಲಾಯ್ತು ಅಂತ ಬೆಂಕಿ ಬದಲಾಗುತ್ತಾ? ನಿಮ್ಮ ಮಳಿಗೆ ನೋಡಿದ ತಕ್ಷಣ ಬದಲಾಗಿಬಿಡುತ್ತೆ. ಮುಂದಿನೋನು ಅದರ ಹಳೇ ಮುಖ ನೋಡಬೇಕಾದ್ದು, ಹೊಸ ಮುಖ ನೋಡಿಬಿಡ್ತಾನೆ. ಅದಕ್ಕೇ ಬೆಂಕಿ ಒಂದೇ ಏಟಿಗೆ ಅಷ್ಟು ದೂರ ಹೋಗೋದು. ಅದು ಬೆಂಕಿಯಲ್ಲ ಅತ್ತೆ, ಬರೀ ಎಣಿಕೆ."

ಹಲೋಮ್ಮ ದಡಕ್ಕನೆ ಎದ್ದಳು. ಒಗೆದ ಬಟ್ಟೆಯ ಬುಟ್ಟಿ ಎಳೆದುಕೊಂಡು, ಸೊಸೆಯ ಮೇಲಿನ ಸಿಟ್ಟನ್ನೆಲ್ಲ ಮಗನ ಅಂಗಿಯ ಮೇಲೆ ತೀರಿಸಿಕೊಳ್ಳುವವಳ ಹಾಗೆ ಮಡಚತೊಡಗಿದಳು. "ಶುಕ್ರವಾರ ಸಭೆ. ಕಾರ್ಯದರ್ಶಿ ನೋಡಿ ಹೆದರಿದಾನೆ. ಅಲ್ಲಿ ಕೂತಿರೋರಿಗೆ ಎಡ ಗೊತ್ತಾ, ಬಲ ಗೊತ್ತಾ? ಯಾರೂ ಕೇಳಲ್ಲ."

"ಕೇಳಲ್ಲ" ಎಂದು ಸೊಸೆ ಒಪ್ಪಿಕೊಂಡಳು. ಹಾಗೆ ಒಪ್ಪಿಕೊಂಡದ್ದೇ ಹಲೋಮ್ಮನಿಗೆ ಇನ್ನೂ ಚುಚ್ಚಿತು. ವಾದ ಮಾಡಿದ್ದರೆ ಎರಡು ಮಾತು ಬೈದು ಹಗುರಾಗಬಹುದಿತ್ತು.

ಅಂಗಿಯ ತೋಳು ಕೈಯಲ್ಲೇ ಉಳಿಯಿತು. ಠಾಣೆಯಲ್ಲಿ ಅವಳಿಗೆ ಎಲ್ಲಕ್ಕಿಂತ ಹೊಟ್ಟೆ ಉರಿಸುತ್ತಿದ್ದದ್ದು ಸುಳ್ಳು ಕರೆಗಳು. ಬೆಂಕಿ ಬಿದ್ದಿಲ್ಲದ ಕಡೆ ಬೆಂಕಿ ಎಂದು ಹೇಳಿ, ಗಾಡಿ ಓಡಿಸಿ, ಮರೆಯಲ್ಲಿ ನಿಂತು ನಗುವ ಪುಂಡರು. ಅಂಥವರಿಗೆ ಅವಳು ಬೈದ ಬೈಗುಳ ಕೇಳಿ ಠಾಣಾಧಿಕಾರಿಯೇ ಬಾಗಿಲು ಮುಚ್ಚಿಕೊಂಡದ್ದುಂಟು. ಈಗ ಶುಕ್ರವಾರ ಅವಳು ಎಲ್ಲರೆದುರು ನಿಂತು ಇಲ್ಲದ ಬೆಂಕಿಯನ್ನು ಇದೆ ಎಂದು ತೋರಿಸಿದರೆ, ಅದಕ್ಕೆ ಬೇರೆ ಹೆಸರೇನು?

ಬುಟ್ಟಿಯನ್ನು ಕಾಲಿನಿಂದ ತಳ್ಳಿ ಬಂದು ಕುರ್ಚಿ ಎಳೆದಳು. "ಏನೇನು ತಪ್ಪಿದೆ ಎಲ್ಲ ಹೇಳು. ಒಂದನ್ನೂ ಬಚ್ಚಿಡಬೇಡ."

"ಎಲ್ಲ ಹೇಳ್ಲಾ? ಆಮೇಲೆ ಅಡುಗೆಮನೇಲಿ ಸೇಡು ತೀರಿಸ್ಕೋಬಾರ್ದು."

"ಅದನ್ನ ಆಮೇಲೆ ನೋಡೋಣ. ನೀನು ಹೇಳು."

ಸೊಸೆ ಹೇಳಿದಳು, ಆದರೆ ಕೀಲಿಮಣೆಗೆ ಕೈ ಹಾಕಲಿಲ್ಲ. "ಬರೆಯೋದು ನೀವೇ. ನಾನು ಬರೆದ್ರೆ ಸಭೇಲಿ ಪ್ರಶ್ನೆ ಬಂದಾಗ ನೀವು ನನ್ನ ಮುಖ ನೋಡ್ತೀರಾ" ಎಂದಳು. ಮೊದಲ ತಪ್ಪು ಏನೆಂದರೆ, ಹಲೋಮ್ಮನ ಪ್ರೋಗ್ರಾಮಿನಲ್ಲಿ 'ಮಳಿಗೆ' ಎಂಬವಳು ಒಬ್ಬಳೇ ಎಲ್ಲ ಕೆಲಸ ಮಾಡುತ್ತಿದ್ದಳು. ನೆರೆಯವರನ್ನು ಹುಡುಕುವುದು ಅವಳೇ, ಹೊತ್ತಿಕೊಳ್ಳುವುದು ಅವಳೇ, ಪರದೆಯ ಮೇಲೆ ಬಣ್ಣ ಬಳಿಯುವುದು, ಒಟ್ಟು ಎಷ್ಟು ಸುಟ್ಟಿತೆಂದು ಲೆಕ್ಕ ಹಾಕುವುದು, ಎಲ್ಲವೂ ಅವಳೇ. "ಪಾಪ ಅತ್ತೆ, ಅಡುಗೆ ಮಾಡಿ, ಬಡಿಸಿ, ಪಾತ್ರೆ ತೊಳೆದು, ಬಾಗಿಲಿಗೆ ಬಂದೋರನ್ನೂ ಇವಳೇ ಮಾತಾಡಿಸ್ಬೇಕು. ಯಾವ ಮನೆ ಸೊಸೆ ಇವಳು?"

"ನಮ್ಮನೇಲಂತೂ ಅಂಥೋಳಿಲ್ಲ" ಎಂದಳು ಹಲೋಮ್ಮ. ಮಗ ಟೀ ಲೋಟದೊಳಗೇ ನಕ್ಕ.

ಕೆಲಸ ಹಂಚಲು ಕೂತರು. ಮಳಿಗೆಗೆ ತನ್ನ ಸ್ಥಿತಿ ಗೊತ್ತಿದ್ದರೆ ಸಾಕು. ಯಾರ ಪಕ್ಕ ಯಾರಿದ್ದಾರೆ ಎಂಬುದನ್ನು ನಕ್ಷೆ ನೋಡಿಕೊಳ್ಳಲಿ. ಯಾವಾಗ ಹೊತ್ತಿಕೊಳ್ಳಬೇಕೆಂಬುದು ನಿಯಮದ ಪಾಲಿಗೆ. ಬಣ್ಣ ಬಳಿಯುವವನು ಬೇರೆ, ಅವನು ಯಾರಿಗೂ ಬೆಂಕಿ ಇಡುವ ಹಾಗಿಲ್ಲ, ಬರೀ ನೋಡಿ ಬಳಿಯಬೇಕು. 'ಏನೋ', 'ಇನ್ನೊಂದು ಏನೋ', 'ತಾತ್ಕಾಲಿಕ' ಎಂದೆಲ್ಲ ಹೆಸರಿಟ್ಟಿದ್ದನ್ನು ತೆಗೆದು, ಓದಿದರೆ ತಿಳಿಯುವ ಹೆಸರು ಇಡಿಸಿದಳು ಸೊಸೆ. ಇಷ್ಟು ಮಾಡುವಷ್ಟರಲ್ಲಿ ಪರದೆ ಪೂರ್ತಿ ಖಾಲಿಯಾಯಿತು. ಒಂದು ಚೌಕವೂ ಕಾಣಲೊಲ್ಲದು. ಸೊಸೆ ಬೇಕೆಂದೇ ಕೈ ಕಟ್ಟಿ ಕೂತಳು. ಹಲೋಮ್ಮ ಕಣ್ಣಲ್ಲಿ ಕಣ್ಣಿಟ್ಟು ಸಾಲುಸಾಲಾಗಿ ಓದುತ್ತ ಹೋಗಿ, ಬಣ್ಣದವನಿಗೆ ನಕ್ಷೆಯನ್ನು ಕೊಡುವುದೇ ಮರೆತಿದ್ದನ್ನು ತಾನೇ ಕಂಡುಹಿಡಿದಳು. "ಸಿಕ್ತು ಕಳ್ಳ!" ಎಂದು ಅವಳು ಕೂಗಿದ ಸದ್ದಿಗೆ ಮೇಲಿನ ಮನೆಯವರು ಕಿಟಕಿ ತೆರೆದರು.

ಆಮೇಲೆ ಬಂತು ಓಡುವ ಬೆಂಕಿಯ ಸರದಿ. ಹಳೆಯ ಸುತ್ತನ್ನು ಹಾಗೇ ಇಟ್ಟುಕೊಂಡು ಹೊಸದನ್ನು ಬೇರೆ ಬರೆಯಬೇಕು ಎಂಬುದು ಹಲೋಮ್ಮನಿಗೆ ಲೋಟಗಳಲ್ಲೇ ಅರ್ಥವಾಗಿತ್ತು. ಮಳಿಗೆಗಳ ಸಾಲಿನ ನಕಲು ಮಾಡಿದಳು, ಹಳೆಯದನ್ನು ನೋಡಿ ಹೊಸದನ್ನು ಬದಲಿಸಿದಳು, ಗುಂಡಿ ಒತ್ತಿದಳು. ಬೆಂಕಿ ಮತ್ತೆ ಬಲಕ್ಕೇ ಓಡಿತು! ಇನ್ನೊಮ್ಮೆ ಒತ್ತಿದಳು, ಮತ್ತೂ ಓಡಿತು. "ಇದಕ್ಕೇನು ದೆವ್ವ ಹಿಡಿದಿದೆಯೇನೇ?"

"ನೀವು ನಕಲು ಮಾಡಿದ್ದು ಮನೇನಲ್ಲ ಅತ್ತೆ, ಮನೆ ಬೀಗದ ಕೈನ" ಎಂದಳು ಸೊಸೆ. "ಕೈಯಲ್ಲಿ ಎರಡು ಬೀಗದ ಕೈ ಇದೆ ನಿಜ. ಎರಡರಲ್ಲೂ ತೆಗೆಯೋದು ಒಂದೇ ಬಾಗಿಲು. ಇದರಲ್ಲಿ ಒಳಗೆ ಹೋಗಿ ಗೋಡೆಗೆ ಬಣ್ಣ ಹೊಡೆದ್ರೆ, ಅದರಲ್ಲಿ ಹೋಗಿ ನೋಡಿದ್ರೂ ಅದೇ ಬಣ್ಣ."

ಹಲೋಮ್ಮ ತಲೆ ಮೇಲೆ ಕೈ ಹೊತ್ತು ಕೂತಳು. ಮಗ ಬಂದು ಇಣುಕಿ, "ಊಟ ಹಾಕ್ಲಾ, ಇಲ್ಲ ಇನ್ನೂ ಬೆಂಕಿ ಆರಿಲ್ವಾ?" ಎಂದ. ಇಬ್ಬರೂ ಒಟ್ಟಿಗೆ "ಸುಮ್ನಿರು" ಎಂದರು. ಮದುವೆಯಾದಾಗಿನಿಂದ ಅತ್ತೆ ಸೊಸೆ ಇಷ್ಟು ಒಮ್ಮತದಿಂದ ಮಾತಾಡಿದ್ದನ್ನು ಅವನು ಕೇಳಿರಲಿಲ್ಲ, ಪಾಪ.

ಕೊನೆಗೆ ಪ್ರತಿ ಮಳಿಗೆಗೂ ಎರಡು ಜೇಬು ಹೊಲಿದಳು ಹಲೋಮ್ಮ. ಒಂದು 'ಈಗ', ಇನ್ನೊಂದು 'ಮುಂದೆ'. ಮೊದಲು ಎಲ್ಲರೂ ನೆರೆಯವರ 'ಈಗ' ನೋಡಿ ತಮ್ಮ 'ಮುಂದೆ'ಯನ್ನು ತುಂಬಿಕೊಳ್ಳಬೇಕು. ಎಲ್ಲರದೂ ಮುಗಿಯುವವರೆಗೆ ಯಾರೂ ಅಲುಗುವ ಹಾಗಿಲ್ಲ. ಆಮೇಲೆ ಎಲ್ಲರೂ ಒಟ್ಟಿಗೆ 'ಮುಂದೆ'ಯನ್ನು 'ಈಗ' ಮಾಡಿಕೊಳ್ಳಬೇಕು. ನಡುವಿನ ಮಳಿಗೆಯೊಂದಕ್ಕೆ ಬೆಂಕಿ ಇಟ್ಟು ಗುಂಡಿ ಒತ್ತಿದಳು. ಬೆಂಕಿ ನಾಲ್ಕೂ ದಿಕ್ಕಿಗೆ ಒಂದೇ ಸಮನೆ ಹರಡಿತು. ಎಡಕ್ಕೆ ಎಷ್ಟೋ ಬಲಕ್ಕೂ ಅಷ್ಟೇ. ಹಲೋಮ್ಮನಿಗೆ ಎಷ್ಟು ಖುಷಿಯಾಯಿತೆಂದರೆ, ಸೊಸೆಯ ಗಲ್ಲ ಹಿಡಿದು ಅಲ್ಲಾಡಿಸಿಬಿಟ್ಟಳು.

ಖುಷಿ ಊಟದವರೆಗೂ ಉಳಿಯಲಿಲ್ಲ. ಓಣಿಯನ್ನು ಮಳಿಗೆಗಳಿಂದ ತುಂಬಿ ಒಮ್ಮೆ ಓಡಿಸಿದಳು, ಖಾಲಿ ಬಿಟ್ಟು ಒಮ್ಮೆ ಓಡಿಸಿದಳು. ಬೆಂಕಿ ಈಗ ನಿಧಾನ. ಠಾಣೆಯಿಂದ ಗಾಡಿ ಮಾರುಕಟ್ಟೆ ತಲುಪುವಷ್ಟು ಹೊತ್ತಿಗೆ ನೋಡಿದರೆ, ಓಣಿ ತುಂಬಿದ್ದರೂ ಅಷ್ಟೇ ಸುಟ್ಟಿತ್ತು, ಖಾಲಿಯಿದ್ದರೂ ಅಷ್ಟೇ ಸುಟ್ಟಿತ್ತು. ಕಾರ್ಯದರ್ಶಿ ಏನು ಹೇಳುತ್ತಾನೆಂದು ಈಗಲೇ ಕೇಳಿಸುತ್ತಿತ್ತು: ಅಷ್ಟರಲ್ಲಿ ನಿಮ್ಮ ಗಾಡಿ ಬಂದು ಆರಿಸುತ್ತಲ್ಲ ತಾಯೀ, ಓಣಿ ಯಾಕೆ? ಸುಳ್ಳು ಪ್ರೋಗ್ರಾಮು ಅವಳ ಪರವಾಗಿತ್ತು. ನಿಜವಾದದ್ದು ಕಾರ್ಯದರ್ಶಿಯ ಪರ ನಿಂತುಬಿಟ್ಟಿತ್ತು. ಇದಕ್ಕಿಂತ ಅನ್ಯಾಯ ಇನ್ನೇನಿದೆ ಹೇಳಿ!

ಸೊಸೆಯ ಮುಖವೂ ಸಪ್ಪಗಾಯಿತು. "ಹಳೇದು ಇನ್ನೂ ಇದೆ ಅತ್ತೆ, ಅಳಿಸಿಲ್ಲ" ಎಂದಳು, ಕಣ್ಣು ಬೇರೆ ಕಡೆ ಇಟ್ಟು.

"ಅಳಿಸು."

"ಅತ್ತೆ..."

"ಅಳಿಸೇ. ಇದ್ರೆ ಗುರುವಾರ ಸಂಜೆ ನನಗೇ ಆಸೆ ಹುಟ್ಟುತ್ತೆ."

ಅಳಿಸಿದರು. ಸೋಮವಾರ, ಮಂಗಳವಾರ ಹಲೋಮ್ಮ ಠಾಣೆಯಲ್ಲಿ ಕರೆಗಳ ನಡುವೆ ಅದನ್ನೇ ಮೆಲುಕು ಹಾಕಿದಳು. ಗಾಡಿ ಬರುತ್ತದೆ, ಆರಿಸುತ್ತದೆ. ಗಾಡಿ ಬರುತ್ತದೆ... ಆ ಮಧ್ಯಾಹ್ನವೂ ಗಾಡಿ ತಡವಾಗಿರಲಿಲ್ಲ. ಹೊತ್ತಿಗೆ ಸರಿಯಾಗಿ ಹೋಗಿತ್ತು. ಹಾಗಾದರೆ ಅವನು ಕಾಣ್ತಿಲ್ಲ, ಕಾಣ್ತಿಲ್ಲ ಎಂದು ಯಾಕೆ ಅಂದ?

ಅವಳು ಎದ್ದು ಅಂಗಳಕ್ಕೆ ಹೋದಳು. ಡ್ರೈವರು ಗಾಡಿಯ ಗಾಜು ಒರೆಸುತ್ತಿದ್ದ. "ಅವತ್ತು ಮಾರುಕಟ್ಟೆಗೆ ಹೋದಾಗ ಗಾಡಿ ಎಲ್ಲಿ ನಿಲ್ಲಿಸಿದ್ರಿ?"

ಅವನ ಕೈ ನಿಂತಿತು. "ಗೇಟಲ್ಲೇ. ಒಳಗೆ ದಾರಿ ಎಲ್ಲಿತ್ತು ಹಲೋಮ್ಮ? ಇದ್ದಬದ್ದ ಪೈಪೆಲ್ಲ ಜೋಡಿಸಿದ್ವಿ. ಒಳಗಿನ ಮಳಿಗೆಗಳಿಗೆ ಎಟುಕಲಿಲ್ಲ."

ಅಷ್ಟು ಸಾಕಾಗಿತ್ತು. ಇಷ್ಟು ದಿನ ಅವಳ ಪ್ರೋಗ್ರಾಮಿನಲ್ಲಿ ಓಣಿ ಅಂದರೆ ಬೆಂಕಿ ಹತ್ತದ ಖಾಲಿ ಚೌಕ, ಅಷ್ಟೇ. ಓಣಿ ಇರುವುದೇ ಗಾಡಿಗೆ, ಗಾಡಿಯೇ ಪ್ರೋಗ್ರಾಮಿನಲ್ಲಿರಲಿಲ್ಲ! ಇಡೀ ಜೀವಮಾನ ಗಾಡಿ ಕಳಿಸುವ ಕೆಲಸ ಮಾಡಿದವಳು ಗಾಡಿಯನ್ನೇ ಮರೆತಿದ್ದಳು.

ಸೊಸೆ ಕೆಲಸದಿಂದ ಬಂದು ಚಪ್ಪಲಿ ಬಿಡುವ ಮೊದಲೇ ಹಲೋಮ್ಮ ಹಿಡಿದಳು. "ಗಾಡಿ ಅಂತ ಒಂದು ಹೊಸಾ ವಸ್ತು. ಖಾಲಿ ನೆಲದ ಮೇಲೆ ಮಾತ್ರ ಓಡುತ್ತೆ. ಪೈಪಿನಷ್ಟು ದೂರಕ್ಕೆ ನೀರು ಬಿಡುತ್ತೆ. ಒದ್ದೆಯಾದ ಮಳಿಗೆ ಹೊತ್ತಿಕೊಳ್ಳಲ್ಲ. ಮತ್ತೆ ಎಲ್ಲ ಕಿತ್ತು ಬರೀಬೇಕಾ?"

ಸೊಸೆಯ ಕಣ್ಣು ಅರಳಿತು. "ಒಂದು ಸಾಲೂ ಕೀಳೋದು ಬೇಡ. ಗಾಡಿ ನಕ್ಷೆನ ದಾರಿ ಕೇಳುತ್ತೆ. ನಿಯಮಕ್ಕೆ ಒದ್ದೆ ಅನ್ನೋದೊಂದು ಸೇರಿಸಿ, ಬಣ್ಣದೋನಿಗೆ ಗಾಡಿ, ನೀರು ಎರಡಕ್ಕೂ ನೀಲಿ ಕೊಡಿ. ಮಳಿಗೆಗೆ ಗಾಡಿ ಇದೆ ಅಂತಾನೂ ಗೊತ್ತಾಗೋದು ಬೇಡ. ಭಾನುವಾರ ಬೆನ್ನು ಬಗ್ಗಿಸಿ ಕೆಲಸ ಹಂಚಿದ್ದು ಯಾಕೆ ಅಂದ್ಕೊಂಡ್ರಿ?"

ಹಳೆಯ ಸಿಕ್ಕಿನೊಳಗೆ ಗಾಡಿ ನುಗ್ಗಿಸಲು ಹೋಗಿದ್ದರೆ ಶುಕ್ರವಾರವಿರಲಿ, ವರ್ಷವೇ ಕಳೆಯುತ್ತಿತ್ತು. ಈಗ ಎರಡು ಸಂಜೆ ಸಾಕಾಯಿತು. ಪೈಪಿನ ಉದ್ದವನ್ನು ಡ್ರೈವರಿನಿಂದಲೇ ಅಳೆಸಿ ತಂದಳು. ಅವನು ಈ ಸಲ ನಗಲಿಲ್ಲ.

ಶುಕ್ರವಾರ ಮಧ್ಯಾಹ್ನ ಸಂಘದ ಸಭಾಂಗಣ ಕಿಕ್ಕಿರಿದಿತ್ತು. ಗೋಡೆಗೆ ಬಿಳಿ ಬಟ್ಟೆ ಕಟ್ಟಿದ್ದರು. ಸೊಸೆ ಅರ್ಧ ದಿನ ರಜೆ ಹಾಕಿ ಬಂದು ಗೋಡೆಗೊರಗಿ ನಿಂತಿದ್ದಳು, ಬೇಕೆಂದೇ ದೂರದಲ್ಲಿ. ಹಲೋಮ್ಮ ಬೆಂಕಿಯೊಂದನ್ನು ಓಡಿಸಿ ತೋರಿಸುತ್ತಲೇ ಕಾರ್ಯದರ್ಶಿ ಎದ್ದ. "ಇದೇನಮ್ಮಾ ಇದು? ಠಾಣೇಲಿ ನೋಡ್ದಾಗ ಕಣ್ಣು ಮುಚ್ಚಿ ಬಿಡೋದ್ರೊಳಗೆ ಎಲ್ಲ ಬೂದಿ. ಈಗ ನಿಮ್ಮ ಬೆಂಕಿಗೆ ಮಂಡಿನೋವು ಬಂತಾ?"

ಸಭೆ ಗೊಳ್ಳೆಂದಿತು. ಹಲೋಮ್ಮನ ಕಿವಿ ಕೆಂಪಾಯಿತು, ದನಿ ಮಾತ್ರ ಅಲುಗಲಿಲ್ಲ. "ಅವತ್ತು ತೋರಿಸಿದ್ದು ತಪ್ಪು. ನಾನು ಬರೆದಿದ್ದರಲ್ಲೇ ತಪ್ಪಿತ್ತು. ಬೆಂಕಿ ಅಷ್ಟು ಬೇಗ ಓಡಲ್ಲ. ಸರಿಮಾಡ್ಕೊಂಡು ಬಂದಿದೀನಿ."

"ಹಾಗಾದ್ರೆ ಓಣಿ ತುಂಬಿದ್ರೂ ತೊಂದರೆ ಇಲ್ಲ ಅಂತಾಯ್ತು?"

"ಅದನ್ನ ನೀವೇ ನೋಡಿ ಹೇಳಿ. ಓಣೀಲಿ ಮಳಿಗೆ ತುಂಬಿದೀನಿ. ಎಲ್ಲಿ ಬೇಕೋ ಅಲ್ಲಿ ಬೆಂಕಿ ಇಡಿ."

ಕಾರ್ಯದರ್ಶಿ ಜಾಣ. ಗೇಟಿನ ಪಕ್ಕದ ಮೂಲೆಗೇ ಬೆರಳಿಟ್ಟ. ಬೆಂಕಿ ಹೊತ್ತಿತು, ನೀಲಿ ಗಾಡಿ ಗೇಟಿಗೆ ಬಂತು, ನೀರು ಬಿತ್ತು, ಆರಿತು. ಚಪ್ಪಾಳೆಯೋ ಚಪ್ಪಾಳೆ. ಕಾರ್ಯದರ್ಶಿ ಎರಡೂ ಕೈ ಚಾಚಿ, ಇನ್ನೇನು ಉಳಿದಿದೆ ಎನ್ನುವ ಹಾಗೆ ಸಭೆಯ ಕಡೆ ತಿರುಗಿದ. ಅಧ್ಯಕ್ಷರು ಕಾಗದ ಜೋಡಿಸತೊಡಗಿದರು.

"ಇನ್ನೊಬ್ಬರು" ಎಂದಳು ಹಲೋಮ್ಮ. ಯಾರೂ ಏಳಲಿಲ್ಲ. ಅವಳು ಪಟ್ಟು ಬಿಡಲಿಲ್ಲ. ಠಾಣೆಯಲ್ಲಿ ಹೆದರಿದವರನ್ನು ಮಾತಾಡಿಸುವಾಗ ತಾನಾಗಿ ಬರುವ ದನಿಯಲ್ಲಿ ಕೇಳಿದಳು, "ಹೇಳೀಪ್ಪಾ, ಎಲ್ಲಿ ಬೆಂಕಿ?"

ಹಿಂದಿನ ಸಾಲಿನಲ್ಲಿ ಕುರ್ಚಿಯೊಂದು ಕಿರ್ರೆಂದಿತು. ಬಟ್ಟೆಯ ತುಂಬ ಹತ್ತಿಯ ಎಳೆ ಅಂಟಿದ್ದ ಒಬ್ಬ ಮನುಷ್ಯ ಎದ್ದು ನಿಂತ. ಕುತ್ತಿಗೆಯ ಒಂದು ಪಕ್ಕ ಸುಟ್ಟು ಸುಕ್ಕುಗಟ್ಟಿತ್ತು. ಅವನು ಅವಳನ್ನೇ ನೋಡುತ್ತ, ಕುರ್ಚಿಗಳ ನಡುವೆ ದಾರಿ ಮಾಡಿಕೊಂಡು, ಮೆಲ್ಲಗೆ ಮುಂದೆ ಬಂದ.

"ಆ ಫೋನಲ್ಲಿ ಇದ್ದೋರು ನೀವಾ?" ಎಂದ.

ಹಲೋಮ್ಮ ಹೌದೆಂದು ತಲೆಯಾಡಿಸಿದಳು. ದನಿ ಕೇಳಿದ ಕ್ಷಣವೇ ಅವಳಿಗೂ ಗೊತ್ತಾಗಿತ್ತು.

ಅವನು ಬಿಳಿ ಬಟ್ಟೆಯ ಮೇಲೆ ಹುಡುಕಿ, ಓಣಿಗೆ ತಾಗಿದ, ಒಳಗಡೆಯ ಒಂದು ಚೌಕದ ಮೇಲೆ ಬೆರಳಿಟ್ಟ. "ಇದು ನಮ್ದು. ಇಲ್ಲಿಡಿ."

ಇಟ್ಟಳು. ಚೌಕ ಕೆಂಪಾಯಿತು. ನೀಲಿ ಗಾಡಿ ಹೊತ್ತಿಗೆ ಸರಿಯಾಗಿಯೇ ಬಂತು, ಗೇಟಿನಲ್ಲಿ ನಿಂತಿತು. ಪೈಪು ಎಳೆಯಿತು, ನೀರು ಬಿಟ್ಟಿತು. ನೀರು ಅಲ್ಲಿಗೆ ಎಟುಕಲಿಲ್ಲ. ಕೆಂಪು ಅಕ್ಕಪಕ್ಕಕ್ಕೆ ಹರಡುತ್ತ ಹೋಯಿತು, ಗಾಡಿ ನಿಂತಲ್ಲೇ ನಿಂತಿತ್ತು. ಹಾಸಿಗೆಯವನು ಕಣ್ಣು ಕೀಳದೆ ನೋಡುತ್ತಿದ್ದ. ಅವನ ಮುಂದೆ ಇದನ್ನು ಓಡಿಸಲಾರದೆ ಹಲೋಮ್ಮ, ನಿಲ್ಲಿಸಿಬಿಡಲೇ ಎಂದು ಗುಂಡಿಯ ಮೇಲೆ ಬೆರಳಿಟ್ಟಳು. ಅವನು ಬೇಡವೆಂದು ಕೈ ತೋರಿಸಿದ. ಅವನ ಮಳಿಗೆ ಬೂದಿಯಾಗುವವರೆಗೂ ಓಡಿತು.

"ಈಗ ಓಣಿ ಖಾಲಿ ಬಿಟ್ಟು" ಎಂದಳು ಅವಳು.

ಅದೇ ಚೌಕ, ಅದೇ ಬೆಂಕಿ. ನೀಲಿ ಗಾಡಿ ಗೇಟಿಗೆ ಬಂತು. ಈ ಸಲ ನಿಲ್ಲಲಿಲ್ಲ. ಬೋಳು ಓಣಿಯಲ್ಲಿ ಒಂದೊಂದೇ ಚೌಕ ದಾಟುತ್ತ, ಒಳಗೆ, ಇನ್ನೂ ಒಳಗೆ, ಕೆಂಪಿನ ಪಕ್ಕಕ್ಕೇ ಬಂದು ನಿಂತಿತು.

"ಗಾಡಿ ಕಾಣ್ತಿದೆಯಮ್ಮಾ" ಎಂದ ಹಾಸಿಗೆಯವನು.

ಅಲ್ಲಿದ್ದವರಲ್ಲಿ ಆ ಮಾತಿನ ಭಾರ ಗೊತ್ತಿದ್ದದ್ದು ಇಬ್ಬರಿಗೆ ಮಾತ್ರ. ಅವನು ಮುಖ ಒರೆಸಿಕೊಂಡ, ಅವಳು ಒರೆಸಿಕೊಳ್ಳಲೂ ಇಲ್ಲ.

ಕಾರ್ಯದರ್ಶಿ ತನ್ನ ಕುರ್ಚಿಯಿಂದ ಎದ್ದ. ಅವನ ಬಟ್ಟೆ ಮಳಿಗೆಯೂ ಒಳಗಡೆಯೇ, ಹಿಂದಿನ ಗೋಡೆಯ ಹತ್ತಿರ. ಬಂದು ಅದರ ಮೇಲೆ ಬೆರಳಿಟ್ಟು, ಈ ಸಲ ಯಾವ ತಮಾಷೆಯೂ ಇಲ್ಲದೆ, "ಓಣಿ ತುಂಬಿ ಇದಕ್ಕೊಂದ್ಸಲ ಹಚ್ಚಿ" ಎಂದ. ನೋಡಿದ. ಕೊನೆಯವರೆಗೂ ನೋಡಿದ. ಆಮೇಲೆ ಅಧ್ಯಕ್ಷರ ಕಡೆ ತಿರುಗಿ, "ರಸ್ತೆ ಬದಿಯೋರಿಗೆ ಹೊರಗೋಡೆಗೆ ಒರಗಿಸಿ ಸೂರು ಹಾಕೋಣ. ಓಣಿ ಹಾಗೇ ಇರ್ಲಿ" ಎಂದ. ಮೊದಲು ಎದ್ದ ಕೈ ಅವನದೇ, ಅದರ ಹಿಂದೆ ಒಂದೊಂದಾಗಿ ಉಳಿದವು ಎದ್ದವು.

ಹಲೋಮ್ಮ ಗೋಡೆಯ ಕಡೆ ನೋಡಿದಳು. ಸೊಸೆ ಎರಡೂ ಕಣ್ಣು ಒರೆಸಿಕೊಳ್ಳುತ್ತ, ಅದರ ನಡುವೆಯೇ ಬೆರಳು ಚಾಚಿ ಪರದೆಯ ಮೂಲೆಯನ್ನು ತೋರಿಸುತ್ತಿದ್ದಳು. ಬೆಂಕಿ ಉರಿದು ಮುಗಿದ ಮೇಲೂ ಗಾಡಿ ಸುಮ್ಮನೆ ನೀರು ಬಿಡುತ್ತಲೇ ಇತ್ತು.

"ಗೊತ್ತು ಕಣೇ" ಎಂದಳು ಹಲೋಮ್ಮ, ಅಷ್ಟು ಜನರ ತಲೆಯ ಮೇಲಿಂದ ಕೇಳುವಷ್ಟು ಜೋರಾಗಿ. "ಭಾನುವಾರ ಕೂರೋಣ."